ಎಲೆ ಹಾಕಿರಿ, ಬಂದೆ

ನಮ್ಮ ಕಡೆ ಎದ್ದು ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬಂದೆ’ ಅನ್ನುತ್ತಾರೆ. ಅಂಗಡಿಗೆ ಹೊರಟವನೂ ಬಂದೆ, ನಲ್ಲಿಗೆ ಬಿಂದಿಗೆ ಇಡಲು ಹೊರಟವಳೂ ಬಂದೆ. ಇನ್ನೂ ಹೊಸಿಲು ದಾಟಿರುವುದಿಲ್ಲ, ಆಗಲೇ ಬಂದುಬಿಟ್ಟಿರುತ್ತಾರೆ. ನನ್ನ ಗಂಡ ಮಲ್ಲತ್ತಹಳ್ಳಿ ಕೆರೆಯ ಏರಿಯ ಮೇಲೆ ನಿಂತು ನನಗೂ ಅತ್ತೆಗೂ ಹೇಳಿದ್ದು ಅದನ್ನೇ. “ಎಲೆ ಹಾಕಿರಿ, ಬಂದೆ.” ಎಂಬತ್ತಮೂರನೇ ಇಸವಿ, ಆಯುಧಪೂಜೆ ಕಳೆದ ಮೇಲಿನ ಭಾನುವಾರ. ನಾನು ಎಲೆ ಹಾಕಿದೆ.

ಆ ಭಾನುವಾರದ ಊಟ ನಮ್ಮ ಮನೆಯಲ್ಲಿ ದಸರೆಗಿಂತ ದೊಡ್ಡದು. ಮಳೆ ಹಿಂದಾಗಿ, ಬಿಸಿಲು ಹದವಾಗಿ, ಕೆರೆ ತುಂಬಿರುವ ಕಾಲ. ಮಲ್ಲತ್ತಹಳ್ಳಿ ನಮ್ಮ ಅತ್ತೆ ಮುನಿತಾಯಮ್ಮನವರ ತವರು. ತವರಿನವರು ಯಾರೂ ಉಳಿದಿರಲಿಲ್ಲ, ಹೊಲವೂ ಕೈಬಿಟ್ಟಿತ್ತು, ಏರಿಯ ಪಕ್ಕದ ಹೊಂಗೆಮರ ಮಾತ್ರ ಇತ್ತು. ಒಡಹುಟ್ಟಿದ ಅಣ್ಣನನ್ನು ನೋಡಿಬರುವ ಹಾಗೆ ಅತ್ತೆ ಆ ಮರವನ್ನು ವರ್ಷಕ್ಕೊಮ್ಮೆ ನೋಡಿಬರಬೇಕಿತ್ತು. ರಾಜಾಜಿನಗರದ ನಮ್ಮ ವಠಾರ ಇನ್ನೂ ಆಕಳಿಸುತ್ತಿರುವಾಗ ನಾನು ರಾಗಿರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಹುಚ್ಚೆಳ್ಳು ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟುತ್ತಿದ್ದರು. ಎಳೆ ಬದನೆಕಾಯಿಯ ಎಣ್ಣೆಗಾಯಿ, ಮೊಸರನ್ನ, ಬುಟ್ಟಿಯಲ್ಲಿ ಬಾಯಿ ಬಿಡಲು ಶುರುಮಾಡಿದ ಸೀತಾಫಲ. ವಿಜಯನಗರದವರೆಗೆ ಬಸ್ಸು. ಅಲ್ಲಿಂದ ಮುಂದಕ್ಕೆ ಬಸ್ಸು ಸಿಕ್ಕಿದರೆ ಪುಣ್ಯ, ಇಲ್ಲದಿದ್ದರೆ ನಡಿಗೆ. ಚಂದ್ರಾ ಲೇಔಟಿನಲ್ಲಿ ಆಗ ಮನೆಗಿಂತ ಸೈಟುಗಲ್ಲೇ ಜಾಸ್ತಿ. ಒಂದೊಂದು ಸೈಟು ದಾಟುವಾಗಲೂ ನಮ್ಮೋರು, “ಜಯಾ, ಇದು ನಮ್ಮನೆ, ಅಡುಗೆಮನೆ ಯಾವ ಕಡೆ ಬೇಕು ನೋಡ್ಕೋ” ಅನ್ನುವರು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಓಡಿಸುವವರಿಗೆ ಅಷ್ಟೊಂದು ಮನೆ ಎಲ್ಲಿಂದ ಬರಬೇಕು? ಆದರೂ ನಾನು ಪ್ರತಿ ಸೈಟಿನಲ್ಲೂ ಅಡುಗೆಮನೆಗೆ ಜಾಗ ತೋರಿಸುತ್ತಿದ್ದೆ.

ಕೆರೆ ಸೇರಿದ ಮೇಲೆ ಮೂರು ಕಲ್ಲು ಹೂಡಿ ಒಲೆ ಮಾಡಿ ನೀರಿಡುವುದು ನನ್ನ ಕೆಲಸ. ಪಕ್ಕದ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಸಮಯ ಅದು. ಅವರು ಹೋಗಿ ಗಿಡದ ಸಮೇತ ಒಂದು ಹೊರೆ ತರುವರು. ಮಣ್ಣು ತೊಳೆದು, ಉಪ್ಪು ಹಾಕಿ ಬೇಯಿಸಿದರೆ ಊಟಕ್ಕೆ ಮುಂಚೆಯೇ ಅರ್ಧ ಪಾತ್ರೆ ಖಾಲಿ. ಕಾಯಿ ಬಿಡಿಸಿ ತುಂಬಿದ ಬೀಜ ಸಿಕ್ಕಿದರೆ ನನ್ನ ಕೈಗೆ ಹಾಕುವರು, ಜೊಳ್ಳನ್ನು ತಾವು ತಿನ್ನುವರು. ತಾಯಿಯ ಎದುರಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ತೋರಿಸುವ ಧೈರ್ಯ ಅವರಿಗೆ ಆ ಒಂದು ದಿನ ಮಾತ್ರ ಬರುತ್ತಿತ್ತು. ಅತ್ತೆ ಕಂಡೂ ಕಾಣದವರ ಹಾಗೆ ಕೆರೆಯ ಕಡೆ ನೋಡಿಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಆ ವರ್ಷವೂ ಕಡಲೆಕಾಯಿ ತರಲೆಂದೇ ಹೋದರು, ಹೆಗಲ ಮೇಲೆ ಟವಲು ಹಾಕಿಕೊಂಡು. ಒಲೆಯ ಮೇಲಿಟ್ಟ ನೀರು ಕುದಿಯಿತು. ಕುದಿದು ಇಂಗಿತು. ಇನ್ನೊಂದು ಚೊಂಬು ಹಾಕಿದೆ, ಅದೂ ಇಂಗಿತು. ರೊಟ್ಟಿ ಬಿರುಸಾಯಿತು. ಅತ್ತೆ ಏರಿಯ ಉದ್ದಕ್ಕೂ “ಅಂಜಿನೀ, ಲೋ ಅಂಜಿನೀ” ಅಂತ ಕೂಗಿಕೊಂಡು ಓಡಾಡಿದರು. ಬಿಸಿಲು ಇಳಿಯುವ ಹೊತ್ತಿಗೆ ಊರಿನವರು ಬಂದು ಕೆರೆಗೆ ಇಳಿದರು. ಮಾರನೆಯ ದಿನ ಬಲೆಯನ್ನೂ ಹಾಕಿದರು. ನೀರಿನಲ್ಲಿ ಅವರ ಟವಲೂ ಸಿಗಲಿಲ್ಲ. ಹೆಣ ಸಿಗದಿದ್ದ ಮೇಲೆ ಬದುಕಿದ್ದಾರೆ ಅಂತ ತಾನೇ ಅರ್ಥ? ನಾನು ಹಾಗೇ ಅರ್ಥ ಮಾಡಿಕೊಂಡೆ. ಬೇರೆ ಅರ್ಥ ಹೇಳಲು ಬಂದವರನ್ನೆಲ್ಲ ಬಾಗಿಲಿನಿಂದಲೇ ಸಾಗಹಾಕಿದೆ.

ಅತ್ತೆ ಜ್ವರ ಬಂದು ಮಲಗಿದ್ದರು. ಹಾಗಾಗಿ ಪೊಲೀಸ್ ಸ್ಟೇಷನ್ನಿಗೆ ನನ್ನ ಜೊತೆ ಬಂದವರು ವಠಾರದ ನೀಲಗಂಗಮ್ಮ. “ಗಂಡನ ಹೆಸರೇನಮ್ಮ?” ಅಂದರು ಅಲ್ಲಿದ್ದವರು. ನಾನು ಹೇಗೆ ಹೇಳಲಿ? ಗಂಡನ ಹೆಸರು ಬಾಯಲ್ಲಿ ಬಂದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಅಂತ ನನ್ನ ತಾಯಿ ಹೇಳಿ ಕಳಿಸಿದ್ದರು. ಮದುವೆಯ ದಿನ ಎಲ್ಲರೂ ಕಾಡಿಸಿದಾಗಲೂ ನಾನು ಆ ಹೆಸರು ಹೇಳಿರಲಿಲ್ಲ. ಅವರಿಗೆ ಏನಾಗಿದೆಯೋ ಗೊತ್ತಿಲ್ಲದ ಹೊತ್ತಿನಲ್ಲಿ ಹೇಳುತ್ತೇನೆಯೇ? “ಲಂಕೆ ಸುಟ್ಟ ದೇವರ ಹೆಸರು ಸಾರ್” ಅಂದೆ. ಅವರು ನಕ್ಕು ಬರೆದುಕೊಂಡರು. ನೀಲಗಂಗಮ್ಮನೂ ನಾನೂ ಓದು ಬಾರದವರು. ಆರು ತಿಂಗಳಾದ ಮೇಲೆ ಒಬ್ಬ ಪೇದೆ ವಠಾರದ ಬಾಗಿಲಲ್ಲಿ ನಿಂತು, “ಹನುಮಯ್ಯನ ಮನೆ ಯಾವುದು?” ಅಂತ ಕೇಳಿದಾಗಲೇ ಗೊತ್ತಾದದ್ದು. ಅಷ್ಟು ದಿನವೂ ಸರ್ಕಾರ ಯಾವನೋ ಹನುಮಯ್ಯನನ್ನು ಹುಡುಕುತ್ತಿತ್ತು. ಅತ್ತೆ ಹಣೆ ಚಚ್ಚಿಕೊಂಡು, “ಅಂಜಿನಯ್ಯ ಕಣಪ್ಪ, ಅಂಜಿನಯ್ಯ! ಬರ್ಕೊ!” ಅಂದರು. ಆಗಲೂ ನಾನು ಬಾಯಿಬಿಡಲಿಲ್ಲ.

ಹೀಗೆ ಮೂರು ವರ್ಷ. ಹಗಲೆಲ್ಲ ಊದುಬತ್ತಿ ಹೊಸೆಯುತ್ತಿದ್ದೆ, ಸಂಜೆ ತಲೆ ಬಾಚಿ, ಹೂ ಮುಡಿದು, ಕಾಸಗಲ ಕುಂಕುಮ ಇಟ್ಟು ಬಾಗಿಲಲ್ಲಿ ಕೂರುತ್ತಿದ್ದೆ. ಯಾರೇನಾದರೂ ಅಂದುಕೊಳ್ಳಲಿ. ಸೀತಾಫಲ ಬಂದರೆ ತಂದು ಅಕ್ಕಿಡಬ್ಬದಲ್ಲಿ ಹಣ್ಣಿಗೆ ಹಾಕುವೆ, ಅದು ಕೊಳೆಯುವವರೆಗೂ ಮುಟ್ಟುವುದಿಲ್ಲ. ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಬಂದರೆ ಅತ್ತೆಯೂ ನಾನೂ ಕೂತು ಹಿತಕುವೆವು. ಸಾರು ಕುದಿಯುವಾಗ ಓಣಿಗೆಲ್ಲ ಘಮ ಹೋಗುತ್ತದೆ, ಆ ಘಮಕ್ಕಾದರೂ ಬರಲಿ ಅಂತ ಬಾಗಿಲು ತೆರೆದಿಡುವೆ. ಉಣ್ಣಲು ಕೂತರೆ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಯುಧಪೂಜೆ ಕಳೆದ ಭಾನುವಾರ ಮಾತ್ರ ತಪ್ಪಿಸಲಿಲ್ಲ. ಅದೇ ರೊಟ್ಟಿ, ಅದೇ ಹುಚ್ಚೆಳ್ಳು, ಅದೇ ಹೊಂಗೆಮರ. ಮೂರು ಎಲೆ ಹಾಕಿ, ಮೂರನೆಯದಕ್ಕೂ ಬಡಿಸಿ ಕಾಯುತ್ತಿದ್ದೆ. ಎಲೆ ಹಾಕಿರಿ ಅಂದವರು ಅವರೇ ಅಲ್ಲವೇ?

ಎಂಬತ್ತಾರರ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಹಿರಿಯರ ಹಬ್ಬ. ತೀರಿಹೋದವರಿಗೆ ಅವರವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಎಲೆಯಲ್ಲಿ ಎಡೆ ಇಡಬೇಕು. ಸಾಂಬ್ರಾಣಿ ಹಾಕಿ, ಕರೆದು, ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಹೊರಗೆ ಕೂರಬೇಕು. ಹಿರಿಯರು ಒಳಗೆ ಬಂದು ಉಣ್ಣುತ್ತಾರೆ. ಆಮೇಲೆ ಒಂದೊಂದು ಎಡೆಯಿಂದಲೂ ಒಂದಿಷ್ಟು ತೆಗೆದು ಕಾಗೆಗೆ ಇಟ್ಟರೆ, ಕಾಗೆ ಮುಟ್ಟಿದರೆ, ಅವರಿಗೆ ಮುಟ್ಟಿತು ಅಂತ. ನಮ್ಮ ಮನೆಯಲ್ಲಿ ಎಡೆ ಎರಡು. ಒಂದು ಮಾವನವರಿಗೆ, ಒಂದು ಮಾವನವರ ತಾಯಿ ಪಟಾಲಮ್ಮಜ್ಜಿಗೆ. ಮಾವನವರಿಗೆ ಮಾಂಸದ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಅಜ್ಜಿಗೆ ಸಿಹಿಕುಂಬಳಕಾಯಿ ಪಲ್ಯ, ವಡೆ, ಎಲೆ ಅಡಿಕೆ.

ಆ ದಿನ ಅತ್ತೆ ನನ್ನನ್ನು ಒಳಗೆ ಬಿಡಲಿಲ್ಲ. “ನಾನೇ ಬಡಿಸ್ತೀನಿ, ನೀನು ಹೊರಗೆ ಕೂತ್ಕೊ” ಅಂದರು. ವಯಸ್ಸಾದವರು, ಏನೋ ಹರಕೆ ಇರಬೇಕು ಅಂದುಕೊಂಡೆ. ಬಾಗಿಲು ಮುಂದೆ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತರು, ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದೆವು.

ಮೂರು ಎಲೆ ಇತ್ತು.

ಮೂರನೆಯದರಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೇಯಿಸಿದ ಕಡಲೆಕಾಯಿ. ಮಾವನವರಿಗೆ ಕೊನೆಗಾಲದಲ್ಲಿ ಹಲ್ಲೇ ಇರಲಿಲ್ಲ, ಅಜ್ಜಿಗೆ ಕಡಲೆಕಾಯಿ ಆಗಿಬರುತ್ತಿರಲಿಲ್ಲ. ಎಲೆಯ ಪಕ್ಕದಲ್ಲಿ ಒಂದು ಹೊಸ ಟವಲು ಮಡಿಸಿಟ್ಟಿತ್ತು.

ವಠಾರದಲ್ಲಿ ಗೋಡೆಗೂ ಕಿವಿ. ಆದರೂ ನಾನು ಕಿರುಚಿದೆ. “ಏನ್ ಅತ್ತೆ ಇದು? ಯಾರಿಗಿಟ್ಟಿದ್ದು?”

“ನಿಂಗೂ ಗೊತ್ತು, ನಂಗೂ ಗೊತ್ತು. ಕೂಗ್ಬೇಡ.”

“ಹೆಣ ನೋಡಿದ್ರಾ? ಯಾರಾದ್ರೂ ಬಂದು ಹೇಳಿದ್ರಾ? ಬದುಕಿರೋ ಮಗನಿಗೆ ಎಡೆ ಇಡ್ತಾರಾ? ಹೆತ್ತವರಾ ನೀವು? ನನ್ನ ಕುಂಕುಮ ಅಳ್ಸೋಕೆ ನಿಮಗೆ ಹೇಳಿದ್ದು ಯಾರು?”

“ಕುಂಕುಮ ನಿನ್ನಿಷ್ಟ ಕಣವ್ವ. ಇಟ್ಕೊ, ಬಿಡು. ಕಾಯೋದೊಂದು ಬಿಡು ಅಂತೀನಿ. ಮೂರು ವರ್ಸ ಆಯ್ತು. ಕೆರೇಲಿ ಹೋದ ಅಂದ್ಕೊ. ಒಂದ್ಸಲ ಅತ್ತು ಮುಗ್ಸು.”

ನಾನು ಏನೇನು ಬೈದೆನೋ ಈಗ ನೆನಪಿಲ್ಲ. ಅತ್ತೆ ಮೂರು ಮುತ್ತುಗದ ಎಲೆಯಲ್ಲಿ ಮೂರು ಎಡೆಯದನ್ನೂ ಸ್ವಲ್ಪ ಸ್ವಲ್ಪ ತೆಗೆದುಕೊಂಡು ಹೋಗಿ ಹಿತ್ತಲ ಗೋಡೆಯ ಮೇಲೆ ಸಾಲಾಗಿ ಇಟ್ಟರು. ನಾನೂ ಹಿಂದೆಯೇ ಹೋದೆ. ಅತ್ತೆ “ಕಾ, ಕಾ” ಅಂತ ಕರೆದರು. ನುಗ್ಗೆಮರದಿಂದ ಎರಡು ಕಾಗೆ ಇಳಿದವು. ಮಾಂಸ ಇದ್ದ ಎಲೆಗೆ ಮೊದಲು ಬಾಯಿ ಹಾಕಿದವು. ಆಮೇಲೆ ಅಜ್ಜಿಯ ವಡೆ. ಒಂದು ಕಾಗೆ ಮೂರನೆಯ ಎಲೆಯ ಹತ್ತಿರ ಕುಪ್ಪಳಿಸಿಕೊಂಡು ಬಂತು, ಕತ್ತು ಓರೆ ಮಾಡಿ ನೋಡಿತು. ಕಾಗೆ ಹಿಂದೆ ತಿರುಗಿ ಹಾರಿಹೋಯಿತು. ಇನ್ನೊಂದೂ ಹೋಯಿತು. ನಾವು ನಿಂತೇ ಇದ್ದೆವು. ಮತ್ತೆ ಬರಲಿಲ್ಲ.

ನನಗೆ ಕುಣಿಯುವ ಹಾಗಾಯಿತು. ಅತ್ತೆಯ ಎರಡು ತೋಳನ್ನೂ ಹಿಡಿದು ಅಲ್ಲಾಡಿಸಿದೆ. “ನೋಡಿದ್ರಾ ಅತ್ತೆ! ಮುಟ್ಲಿಲ್ಲ! ನೋಡಿದ್ರಾ! ಬದುಕಿದಾರೆ, ನಾನು ಹೇಳ್ತಿರ್ಲಿಲ್ವಾ!”

ಅತ್ತೆ ಗೋಡೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು. ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಸಂತೋಷಕ್ಕೆ ಅಳುತ್ತಿದ್ದಾರೆ ಅಂತ ನಾನೂ ಪಕ್ಕದಲ್ಲಿ ಕೂತು ಅವರ ತಲೆ ಸವರಿದೆ.

“ಬದುಕವ್ನೆ ಅಂತ ನಂಗೊತ್ತು ಕಣವ್ವ” ಅಂದರು ಅತ್ತೆ. “ನಾನೇ ನೋಡಿದೀನಿ.”

ಶ್ರಾವಣದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಕೆಂಗೇರಿಗೆ ಹೋಗಿದ್ದರಲ್ಲ, ಆವಾಗ. ಬಸ್ ಸ್ಟ್ಯಾಂಡಿನಲ್ಲಿ ಜೋಳ ಬೇಯಿಸಿ ಮಾರುವ ಗಾಡಿಯ ಮುಂದೆ ನಮ್ಮೋರು ನಿಂತಿದ್ದರಂತೆ. ಹೆಗಲ ಮೇಲೆ ಒಂದು ಗಂಡುಮಗು. ನಾಲ್ಕು ವರ್ಷದ್ದಿರಬೇಕು ಅಂದರು ಅತ್ತೆ. ಅಂದರೆ ನನ್ನ ಕೈಗೆ ಒಳ್ಳೆಯ ಬೀಜ ಹಾಕಿ ಜೊಳ್ಳು ತಾವು ತಿನ್ನುತ್ತಿದ್ದಾಗಲೇ ಆ ಮಗು ಹುಟ್ಟಿತ್ತು. ಆ ಲೆಕ್ಕ ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

“ಕಾಲಿಗೆ ಬಿದ್ದ ಕಣೆ. ನಡುಬೀದೀಲಿ ಬಿದ್ದ. ‘ಅವ್ಳಿಗೆ ಹೇಳ್ಬೇಡವ್ವ, ಕೆರೇಲಿ ಹೋದ ಅಂತ್ಲೇ ಇರ್ಲಿ, ಅದೇ ಅವ್ಳಿಗೂ ಒಳ್ಳೇದು’ ಅಂದ. ನಾನು ಕಪಾಳಕ್ಕೆ ಬಿಟ್ಟೆ.” ಅತ್ತೆ ಮೂಗು ಒರೆಸಿಕೊಂಡರು. “ಆಮೇಲೆ ಕೂಸಿಗೆ ಒಂದು ಜೋಳ ಕೊಡಿಸ್ದೆ. ಅಜ್ಜಿ ಅಂತು. ಎತ್ಕೊಂಡ್ಬಿಟ್ಟೆ ಕಣೆ ಜಯಾ. ಎತ್ಕೋಬಾರ್ದಾಗಿತ್ತು. ಮನೆಗೆ ಬಂದು ನಿನ್ನ ಮುಖ ನೋಡಕ್ಕಾಗ್ಲಿಲ್ಲ. ನಿಂಗೆ ಅವ್ನು ಸತ್ತ ಅಂತಾದ್ರೂ ಮಾಡಣ ಅಂತ…”

ಸಿಟ್ಟು ಬರಬೇಕಿತ್ತು. ಬಾಯಿಂದ ಬಂದದ್ದು ಬೇರೆ. “ಸೊರಗಿದಾರಾ ಅತ್ತೆ?” ಅಂದೆ.

ಅತ್ತೆ ನನ್ನನ್ನೇ ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ಇಲ್ಲ ಕಣವ್ವ. ಮೈಕೈ ತುಂಬ್ಕೊಂಡವ್ನೆ.”

ಆಗ ನಾನು ಅತ್ತುಬಿಟ್ಟೆ. ಮೂರು ವರ್ಷ ಗಂಟಲಲ್ಲಿ ಇಳಿಯದೆ ಬಿಟ್ಟ ಅವರೆಕಾಯಿ ಸಾರು, ಕೊಳೆತ ಸೀತಾಫಲ, ಎಲ್ಲ ಒಟ್ಟಿಗೆ ನೆನಪಾಗಿ ಬಿಕ್ಕಿದೆ. ಅವರು ಕೆರೆಯಲ್ಲೇ ಸತ್ತಿದ್ದರೆ ಚೆನ್ನಾಗಿತ್ತಲ್ಲ ಅಂತ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೀಲಗಂಗಮ್ಮ ಬಂದು ಏನಾಯ್ತು ಅಂತ ಕೇಳಿದರು. ಅತ್ತೆ, “ಹಿರಿಯರ ಹಬ್ಬ ಅಲ್ವಾ, ನೆನಪಾಗತ್ತೆ” ಅಂದು ಅವರನ್ನು ಕಳಿಸಿದರು.

ಕೆಂಗೇರಿಗೆ ಹೋಗಿ ಜಗಳ ಆಡು, ಜೀವನಾಂಶ ಕೇಳು ಅಂತ ಈಗ ಹೇಳುವವರು ಇದ್ದಾರೆ. ಏನು ಕೇಳಲಿ? ಅವರು ಕೆರೆ ಏರಿಯ ಮೇಲೆ ನನ್ನನ್ನು ಬಿಟ್ಟು ನಡೆದಾಗ ಅವರ ಬೆನ್ನನ್ನು ನಾನು ಕಣ್ಣಾರೆ ನೋಡಿದ್ದೆ. ಒಂದು ಸಲವೂ ಹಿಂದಕ್ಕೆ ತಿರುಗಿರಲಿಲ್ಲ. ಆವತ್ತು ಅದು ಅವಸರ ಅಂದುಕೊಂಡಿದ್ದೆ.

ನವರಾತ್ರಿಯಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಆಯುಧಪೂಜೆಗೆ ಕುಂಬಳಕಾಯಿ ಒಡೆಯಲಿಲ್ಲ. ಶನಿವಾರ ಸಂಜೆ ನಾನು ಹುಚ್ಚೆಳ್ಳು ಆರಿಸಲು ಕೂತಾಗ ಅತ್ತೆ ಗಾಬರಿಯಾದರು. “ಯಾಕವ್ವ? ಈ ಸಲ ಬ್ಯಾಡ ಬಿಡು.”

“ನಿಮ್ಮ ತವರು ತಾನೆ? ಅವರಿಗೋಸ್ಕರ ಯಾಕೆ ಬಿಡ್ಬೇಕು? ನಡೀರಿ, ಹೋಗೋಣ” ಅಂದೆ.

ಹೋದೆವು. ಚಂದ್ರಾ ಲೇಔಟಿನಲ್ಲಿ ಕೆಲವು ಸೈಟಿನ ಮೇಲೆ ಗೋಡೆ ಎದ್ದಿತ್ತು. ನಾನು ಯಾವುದರಲ್ಲೂ ಅಡುಗೆಮನೆ ನೋಡಲಿಲ್ಲ. ಕೆರೆ ತುಂಬಿತ್ತು. ಹೊಂಗೆಯ ನೆರಳಿನಲ್ಲಿ ಅತ್ತೆಯನ್ನು ಕೂರಿಸಿ, ಹೊಲಕ್ಕೆ ನಾನೇ ಹೋಗಿ ಕಡಲೆಕಾಯಿ ತಂದೆ. ಹೊಲ ಇದ್ದದ್ದು ಕೂಗಳತೆಯಲ್ಲಿ. ಹೋಗಿ ಬರಲು ಎಷ್ಟು ಕಡಿಮೆ ಹೊತ್ತು ಸಾಕು ಅಂತ ನನಗೆ ಅವತ್ತೇ ಗೊತ್ತಾದದ್ದು. ನಾನು ಕಾಣುವವರೆಗೂ ಅತ್ತೆ ಎದ್ದು ನಿಂತೇ ಇದ್ದರು, ಪಾಪ.

ಕಾಯಿ ಬೆಂದ ಮೇಲೆ ಎಲೆ ಹಾಕಿದೆ. ಎರಡು ಅಲ್ಲ, ಮೂರು. ಮೂರನೆಯದನ್ನು ನಮ್ಮ ಪಕ್ಕಕ್ಕೆ ಹಾಕಲಿಲ್ಲ, ನೀರಿನ ಕಡೆ ದೂರಕ್ಕೆ ಹಾಕಿದೆ, ಎಡೆ ಇಡುವ ಹಾಗೆ. ರೊಟ್ಟಿ, ಚಟ್ನಿ, ಎಣ್ಣೆಗಾಯಿ, ಎರಡು ಹಿಡಿ ಕಡಲೆಕಾಯಿ. ಒಂದು ಊದುಬತ್ತಿ ಹಚ್ಚಿ ನೆಲಕ್ಕೆ ಚುಚ್ಚಿದೆ, ನನ್ನ ಕೈಯಲ್ಲೇ ಹೊಸೆದದ್ದು. ಎಡೆ ಇಟ್ಟವರು ಹೆಸರು ಹಿಡಿದು ಕರೆಯಬೇಕು. ಒಂದು ಗುಟುಕು ನೀರು ಕುಡಿದೆ.

“ಅಂಜಿನಯ್ಯ” ಅಂದೆ.

ನನ್ನ ಕಿವಿಗೇ ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಇನ್ನೊಂದು ಸಲ, ಗಟ್ಟಿಯಾಗಿ ಅಂದೆ. “ಅಂಜಿನಯ್ಯ, ಎಲೆ ಹಾಕಿದೀನಿ. ಬಂದು ಉಂಡ್ಕೊಂಡು ಹೋಗು.” ಹೋಗಿ ಅನ್ನಲಿಲ್ಲ, ಹೋಗು ಅಂದೆ. ಅತ್ತೆಯ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು.

ಬಾಗಿಲು ಮುಂದೆ ಮಾಡಲು ಅಲ್ಲಿ ಬಾಗಿಲಿಲ್ಲ. ಕೆರೆಗೆ ಬೆನ್ನು ಹಾಕಿ ಇಬ್ಬರೂ ಊಟಕ್ಕೆ ಕೂತೆವು. ಮೂರು ವರ್ಷದ ಮೇಲೆ ನನಗೆ ಅನ್ನ ಗಂಟಲಲ್ಲಿ ಇಳಿಯಿತು. ಕಡಲೆಕಾಯಿ ಸಿಹಿಯಾಗಿ, ಉಪ್ಪು ಹದವಾಗಿ ಹಿಡಿದಿತ್ತು. ಅದು ಅಷ್ಟು ರುಚಿಯಾಗಿದ್ದದ್ದಕ್ಕೆ ಅಳು ಬಂತು. ಅಳುತ್ತಲೇ ತಿಂದೆ. ತುಂಬಿದ ಬೀಜ ಸಿಕ್ಕಿದಾಗಲೆಲ್ಲ ಅತ್ತೆಯ ಎಲೆಗೆ ಹಾಕಿದೆ. ಅವರು ಅದನ್ನು ತಿನ್ನದೆ ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಯಾರಿಗೆ ಅಂತ ನಾನು ಕೇಳಲಿಲ್ಲ.

ಪಾತ್ರೆ ತೊಳೆದು, ಒಲೆಗೆ ನೀರು ಹಾಕಿ ಹೊರಟೆವು. ಆ ಎಲೆಯನ್ನು ಕಾಗೆ ಮುಟ್ಟುತ್ತದೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ. ಮುಟ್ಟಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ನನ್ನ ಪಾಲಿಗೆ ಮುಗಿದಿತ್ತು. ಏರಿಯ ಮೇಲೆ ನಾನು ಮುಂದೆ, ಅತ್ತೆ ಹಿಂದೆ. ಅವರು ತಿರುಗಿ ತಿರುಗಿ ನೋಡುತ್ತಿದ್ದದ್ದು ಹೆಜ್ಜೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ಏರಿ ಮುಗಿಯುವ ಕಡೆ ಆ ಸದ್ದು ನಿಂತುಹೋಯಿತು. ಹಿಂದೆಯೇ ಕಾಗೆ ಕೂಗಿದ್ದು ಕೇಳಿಸಿತು.

ತಿರುಗಿ ನೋಡಿದೆ. ತಮ್ಮ ಕೈಯಾರೆ ಮಗನಿಗೆ ಎಡೆ ಇಟ್ಟಿದ್ದ ನಮ್ಮ ಅತ್ತೆ, ಮಂಡಿನೋವಿನ ಮುದುಕಿ, ಸೀರೆ ಎತ್ತಿ ಹಿಡಿದುಕೊಂಡು ಎಲೆಯ ಕಡೆಗೆ ಓಡುತ್ತಿದ್ದರು. ಕಾಗೆ ಎಲೆಯ ಅಂಚಿಗೆ ಬಂದು ಕೂತಿತ್ತು. ಅತ್ತೆ ಬಗ್ಗಿ ಒಂದು ಹೆಂಟೆ ಎತ್ತಿ ಬೀಸಿದರು. “ಹುಶ್! ಮುಟ್ಬೇಡ! ಹೋಗು, ಹುಶ್!” ಅಂತ ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದರು. ಕಾಗೆ ಹಾರಿಹೋಯಿತು. ಅವರು ಅಲ್ಲೇ ಎಲೆಯ ಪಕ್ಕ ಕೂತುಬಿಟ್ಟರು, ಕಾವಲಿಗೆ.

ನಾನು ಚೀಲ ಕೆಳಗಿಟ್ಟು ಏರಿಯ ಮೇಲೆ ನಿಂತೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಕರೆಯಲು ನನಗೆ ಬಾಯಿ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಅವರೇ ನನ್ನ ಕಡೆ ತಿರುಗಿ ಕೈ ಎತ್ತಿದರು.

“ನೀನು ನಡೀತಿರವ್ವ” ಅಂದರು. “ಬಂದೆ.”